ಟೇಬಿ: ಮಾಲ್ ಒಂದು ಕಡೆ, ಚರ್ಚು ಇನ್ನೊಂದು ಕಡೆ. ಊರಿನ ನಡು ಯಾವುದು?

ಹೊಸನಗರದವಳು

ಎಲ್ಲರಿಗೂ ನಮಸ್ಕಾರ. ಸ್ಟಾಕ್‌ಹೋಮಿನ ಈಶಾನ್ಯಕ್ಕಿರುವ ಟೇಬಿಗೆ ಈ ಬೇಸಿಗೆಯಲ್ಲಿ ಬಂದು ನೆಲೆಸಿದ್ದೇವೆ. ನಮ್ಮೆಜಮಾನ್ರ ಆಫೀಸು ಕಿಸ್ತಾದಲ್ಲಿ. ಮನೆ ಟೇಬಿ ಸೆಂಟ್ರುಮ್ ಮಾಲ್‌ಗೆ ನಡೆದುಹೋಗುವಷ್ಟು ಹತ್ತಿರ. ಅಂಗಡಿ, ಗ್ರಂಥಾಲಯ, ಬಸ್ಸು ಎಲ್ಲ ಕಾಲ ಬುಡದಲ್ಲೇ ಇದೆ. ಆದರೆ ನಕ್ಷೆ ನೋಡಿದರೆ ಹಳೇ ಚರ್ಚು ಇರುವ ‘ಟೇಬಿ ಶಿರ್ಕ್‌ಬಿ’ ಇಲ್ಲಿಂದ ನಾಲ್ಕೈದು ಕಿಲೋಮೀಟರ್ ವಾಯವ್ಯಕ್ಕೆ, ಸರೋವರದ ಹತ್ತಿರ ಬಿದ್ದಿದೆ. ಅಲ್ಲಿಗೆ ಹೋಗಬೇಕಾದರೆ ರೋಸ್ಲಾಗ್ಸ್ ನೇಸ್ಬಿಯಲ್ಲಿ ಇಳಿದು ಬೇರೆ ಲೈನಿನ ರೈಲು ಹಿಡಿಯಬೇಕು. ಚರ್ಚು ಅಲ್ಲಿದ್ದ ಮೇಲೆ ಊರೂ ಅಲ್ಲೇ ಬೆಳೆಯಬೇಕಿತ್ತಲ್ಲವೇ? ಹೊಸ ಊರನ್ನು ಇಷ್ಟು ದೂರ ತಂದು ಯಾಕೆ ಇಟ್ಟರು?

ಇನ್ನೊಂದು ವಿಷಯ. ಆ ಕಡೆ ಕಾರಿನಲ್ಲಿ ಹೋಗುವಾಗ ರಸ್ತೆ ಬದಿಯಲ್ಲೇ ಕೆಂಪು ಬಣ್ಣ ತುಂಬಿದ ಹಾವಿನಂಥ ಕೆತ್ತನೆಯ ಕಲ್ಲುಗಳು ಕಾಣುತ್ತವೆ. ಪಕ್ಕದಲ್ಲಿ ನಾಲ್ಕು ಮೂಲೆಗೂ ಕುಣಿಕೆ ಹಾಕಿದ ಚೌಕದ ಗುರುತಿನ ಫಲಕ. ಮಗ ಅದನ್ನು ನೋಡಿ “ಅಮ್ಮಾ, ಇದು ಅಪ್ಪನ ಲ್ಯಾಪ್‌ಟಾಪ್ ಕೀಬೋರ್ಡಿನಲ್ಲಿರೋ ಗುರುತು” ಅಂತ ಕೂಗಿದ. ಗೊತ್ತಿರುವವರು ಸ್ವಲ್ಪ ವಿವರವಾಗಿ ಹೇಳುತ್ತೀರಾ? ಇಲ್ಲಿನ ಪುರಸಭೆಯವರ ಕೈಪಿಡಿ ಓದುವಷ್ಟು ಸ್ವೀಡಿಷ್ ನನಗಿನ್ನೂ ಬಂದಿಲ್ಲ.

ಕಲ್ಲುಮಣ್ಣು

ನಿಮ್ಮ ಮಗ ಹೇಳಿದ್ದು ಸರಿ. ಸ್ವೀಡನ್ನಿನಲ್ಲಿ ನೋಡತಕ್ಕ ಜಾಗಗಳಿಗೆ ಹಾಕುವ ಆ ಗುರುತನ್ನೇ ಆಪಲ್‌ನವರು ಕಮಾಂಡ್ ಕೀಗೆ ತೆಗೆದುಕೊಂಡದ್ದು.

ಊರಿನ ಪ್ರಶ್ನೆಗೆ ಬರೋಣ. ಚರಿತ್ರೆಗೆ ಕೈ ಹಾಕುವ ಮೊದಲು ನೆಲ ನೋಡಬೇಕು. ಇಲ್ಲಿ ನೆಲ ಕದಲದೆ ಕೂತದ್ದಲ್ಲ, ಅದೇ ಗಮ್ಮತ್ತು. ಹಿಮಯುಗದಲ್ಲಿ ಈ ಸೀಮೆಯ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಆ ಭಾರಕ್ಕೆ ಭೂಮಿಯ ಚಿಪ್ಪು ಕೆಳಗೆ ಅದುಮಿಹೋಗಿತ್ತು. ಹತ್ತು ಸಾವಿರ ವರ್ಷಕ್ಕೂ ಹಿಂದೆ ಮಂಜು ಕರಗಿ ಹಿಂದೆ ಸರಿದಾಗ ಇಲ್ಲಿ ಉಳಿದದ್ದು ಬರೀ ಸಮುದ್ರ. ಸ್ಟಾಕ್‌ಹೋಮ್ ಸುತ್ತ ಆಗಿನ ನೀರಿನ ಮಟ್ಟ ಇಂದಿನ ಕಡಲಿಗಿಂತ ಸುಮಾರು 150 ಮೀಟರ್ ಮೇಲಿತ್ತು. ಟೇಬಿಯ ಯಾವ ಗುಡ್ಡವೂ ಅಷ್ಟು ಎತ್ತರವಿಲ್ಲ, ಅಂದರೆ ಇಡೀ ಊರು ನೀರಿನಡಿ.

ಭಾರ ಇಳಿದ ಮೇಲೆ ನೆಲ ಮೇಲೇಳತೊಡಗಿತು. ಈಗಲೂ ಏಳುತ್ತಿದೆ, ವರ್ಷಕ್ಕೆ ಸುಮಾರು 4ರಿಂದ 5 ಮಿಲಿಮೀಟರ್. ಕೇಳಲು ಏನೂ ಅಲ್ಲ, ಆದರೆ ಸಾವಿರ ವರ್ಷಕ್ಕೆ ನಾಲ್ಕೈದು ಮೀಟರ್ ಆಯಿತು! ತಗ್ಗುನಾಡಿನಲ್ಲಿ ಅಷ್ಟು ಸಾಕು, ಕೊಲ್ಲಿ ಹೋಗಿ ಕೆರೆಯಾಗುತ್ತದೆ, ಕೆರೆ ಹೋಗಿ ಜೌಗು, ಜೌಗು ಹೋಗಿ ಹುಲ್ಲುಗಾವಲು. ಮೊದಲು ನೀರಿನಿಂದ ತಲೆ ಎತ್ತಿದ್ದು ಗುಡ್ಡದ ನೆತ್ತಿಗಳು. ಅಲೆಗಳು ಅವುಗಳ ಮೇಲಿನ ಮಣ್ಣನ್ನೆಲ್ಲ ತೊಳೆದು ಬಂಡೆ ಉಳಿಸಿದವು. ಈಗ ಅಲ್ಲಿ ಪೈನ್ ಮರ, ಪಾಚಿ, ಬ್ಲೂಬೆರಿ ಗಿಡ, ಅಷ್ಟೇ. ತೊಳೆದ ನುಣ್ಣನೆಯ ಜೇಡಿ ತಗ್ಗಿನಲ್ಲಿ ಕೂತಿತು. ಈ ಸೀಮೆಯ ಬಂಡೆ ಹಳೇ ಬಿರುಕುಗಳಿಂದ ಸೀಳಿಹೋದದ್ದು, ಹಾಗಾಗಿ ಉದ್ದುದ್ದ ಸಣ್ಣ ಕಣಿವೆಗಳು. ಕಣಿವೆಯ ತಳದಲ್ಲಿ ಜೇಡಿ, ಅಂಚಿನಲ್ಲಿ ಮರಳು ಕಲ್ಲು ಬೆರೆತ ಇಳಿಜಾರು, ಮೇಲೆ ಬಂಡೆ. ಟೇಬಿ ಸೇರಿದ ಈ ಉಪ್ಲಾಂಡ್ ಸೀಮೆಯ ಹಳೇ ಒಕ್ಕಲಿನ ಕಥೆಯೆಲ್ಲ ಈ ಮೂರರ ಲೆಕ್ಕಾಚಾರವೇ.

ಕಬ್ಬಿಣ ಯುಗದ ರೈತ ಮನೆ ಕಟ್ಟಿದ್ದು ಅಂಚಿನಲ್ಲಿ. ನೀರು ನಿಲ್ಲುವುದಿಲ್ಲ, ಅಡಿಪಾಯ ಗಟ್ಟಿ, ಹಗುರ ನೇಗಿಲಿಗೆ ಬಗ್ಗುವ ಮಣ್ಣು. ಕೆಳಗಿನ ಒದ್ದೆ ತಳ ಹುಲ್ಲಿಗೆ. ಚಳಿಗಾಲದ ಆರೇಳು ತಿಂಗಳು ದನ ಕೊಟ್ಟಿಗೆಯಲ್ಲೇ ಇರಬೇಕಲ್ಲ, ಒಣಹುಲ್ಲಿಲ್ಲದೆ ಹಟ್ಟಿಯಿಲ್ಲ, ಹಟ್ಟಿಯಿಲ್ಲದೆ ಗೊಬ್ಬರವಿಲ್ಲ. “ಹುಲ್ಲುಗಾವಲು ಹೊಲದ ತಾಯಿ” ಅಂತ ಸ್ವೀಡಿಷರ ಹಳೇ ಗಾದೆಯೇ ಇದೆ. ಸತ್ತವರಿಗೆ ಮನೆ ಹಿಂದಿನ ದಿಬ್ಬ. ಕಾಡಂಚಿನಲ್ಲಿ ಗುಂಡಗೆ ಉಬ್ಬಿದ ಹುಲ್ಲಿನ ಗುಡ್ಡೆಗಳ ಗುಂಪು ಕಂಡರೆ ಮಕ್ಕಳು ಜಾರುಬಂಡೆ ಆಡದಂತೆ ನೋಡಿಕೊಳ್ಳಿ, ಹೆಚ್ಚಿನ ಪಾಲು ಅವು ಸಮಾಧಿ ದಿಬ್ಬಗಳು.

ಪೇಢಾ ಪ್ರೇಮಿ

ಏನ್ರೀ ಇದು, ಅಂದ್ರ ನಾವು ಬಾಡಿಗಿ ಕೊಟ್ಟು ಕುಂತಿರೋ ಮನಿ ಸಮುದ್ರದ ತಳದಾಗ ಐತೇನು? ನಮ್ಮ ಬಿಲ್ಡಿಂಗ್ ಹಿಂದ ಪೈಪ್ ಹಾಕಾಕ ಅಗದಾಗ ಬೂದುಬಣ್ಣದ ಜಿಗುಟು ಮಣ್ಣು ಬಂದಿತ್ತು, ಕುಂಬಾರ್ರ ಮಣ್ಣಿನಂಗ. ನಾ ಏನೋ ಗಟಾರದ್ದು ಅನ್ಕೊಂಡಿದ್ದೆ.

ಹಂಗಾದ್ರ ವೈಕಿಂಗ್ ಮಂದಿ ಇದ್ದಾಗ ನೀರು ಎಲ್ಲಿ ತನಕ ಇತ್ರಿ? ಅವರು ಹಡಗ ತಗೊಂಡು ಚರ್ಚ್ ತನಕ ಬರ್ತಿದ್ರೇನು?

ಕಲ್ಲುಮಣ್ಣು

ಗಟಾರದ್ದಲ್ಲ ರೀ, ಅದೇ ಹಿಮಯುಗದ ಜೇಡಿ. ಕತ್ತರಿಸಿ ನೋಡಿದರೆ ಪದರ ಪದರವಾಗಿರುತ್ತದೆ. ಮಂಜು ಕರಗಿದ ನೀರು ಬೇಸಿಗೆಯಲ್ಲಿ ಒಂದು ಪದರ, ಚಳಿಗಾಲದಲ್ಲಿ ಒಂದು ಪದರ ಹಾಕುತ್ತಾ ಹೋಗಿದೆ. ಸ್ವೀಡನ್ನಿನ ಯೆರಾರ್ಡ್ ಡೆ ಯೇರ್ ಎಂಬ ಭೂವಿಜ್ಞಾನಿ ಈ ಪದರಗಳನ್ನು ಮರದ ಉಂಗುರ ಎಣಿಸಿದ ಹಾಗೆ ಎಣಿಸಿಯೇ ಮಂಜು ಯಾವಾಗ ಹಿಂದೆ ಸರಿಯಿತು ಅಂತ ಲೆಕ್ಕ ಹಾಕಿದ್ದು.

ಹಡಗಿನ ಪ್ರಶ್ನೆ ಚೆನ್ನಾಗಿದೆ. ವೈಕಿಂಗ್ ಕಾಲದಲ್ಲಿ ಕಡಲು ಇಂದಿಗಿಂತ ಸುಮಾರು 5 ಮೀಟರ್ ಮೇಲೆ. ಟೇಬಿಯ ಆಗ್ನೇಯಕ್ಕೆ ಸ್ಟೂರಾ ವರ್ಟನ್ ಅನ್ನುವ ಬಾಲ್ಟಿಕ್ ಕೊಲ್ಲಿ ಇದೆಯಲ್ಲ, ವಿಗ್‌ಬಿಹೋಲ್ಮ್, ಹೇಗರ್ನೇಸ್, ನೇಸ್ಬಿಪಾರ್ಕ್ ಎಲ್ಲ ಅದರ ದಡದಲ್ಲಿವೆ. ಆಗ ಅದರ ನೀರು ಇನ್ನಷ್ಟು ಒಳಗೆ ಚಾಚಿತ್ತು. ಈಗ ದೋಣಿಕಟ್ಟೆ, ಸೈಕಲ್ ದಾರಿ ಇರುವ ತಗ್ಗು ಜಾಗಗಳು ಆಗ ನೀರೋ ಜೊಂಡೋ ಆಗಿದ್ದವು. ಆದರೆ ವಾಯವ್ಯದಲ್ಲಿ, ಚರ್ಚಿನ ಕಡೆ ಇರುವ ವಲ್ಲೆಂಟೂನಾ ಸರೋವರ ಅಷ್ಟರಲ್ಲಿ ಕಡಲಿನಿಂದ ಕಡಿದುಹೋಗಿತ್ತು. ಅದಕ್ಕೂ ಸಾವಿರಾರು ವರ್ಷ ಹಿಂದೆ, ಕಂಚಿನ ಯುಗದಲ್ಲಿ, ನೀರು ಇಂದಿಗಿಂತ 15 ಮೀಟರಿನ ಆಸುಪಾಸು ಮೇಲಿದ್ದಾಗ ಅದು ಕಡಲಿನ ತೋಳೇ ಆಗಿತ್ತು.

ಆ ಸರೋವರದ ನೀರು ಟೇಬಿ ಸೆಂಟ್ರುಮ್ ಕಡೆ ಹರಿಯುವುದಿಲ್ಲ. ಹಾಗ್‌ಬಿ ತೊರೆ ಸೇರಿ ನೂರ್‌ವಿಕೆನ್ ಸರೋವರಕ್ಕೆ ಹೋಗಿ, ಒಕ್ಸುಂಡಾ ತೊರೆಯಾಗಿ ಕೊನೆಗೆ ಮೆಲಾರೆನ್ ಅನ್ನುವ ದೊಡ್ಡ ಸರೋವರ ಸೇರುತ್ತದೆ. ಅಂದರೆ ಪಶ್ಚಿಮದ ಕಡೆಗೆ. ಸೆಂಟ್ರುಮ್ ಕಡೆ ಬಿದ್ದ ಮಳೆ ಪೂರ್ವಕ್ಕೆ ಹರಿದು ನೇರ ಬಾಲ್ಟಿಕ್‌ಗೆ. ಒಂದೇ ಪುರಸಭೆ, ಒಂದೇ ತೆರಿಗೆ, ಆದರೆ ನಡುವೆ ಒಂದು ನೀರಿನ ಬೆನ್ನು ಹಾದುಹೋಗಿದೆ. ನಿಮ್ಮ ಊರು ಇಬ್ಭಾಗವಾಗಿ ಕಾಣುವುದಕ್ಕೆ ನಾನಂತೂ ಮೊದಲ ಕಾರಣ ಅಂತ ಇದನ್ನೇ ಹೇಳುತ್ತೇನೆ. ಹಳೇ ಟೇಬಿ ಸರೋವರದ ಕಡೆ ಮುಖ ಮಾಡಿದ ಊರು, ಹೊಸ ಟೇಬಿ ಸ್ಟಾಕ್‌ಹೋಮಿನ ಕಡೆ.

ಶಾಸನದ ಹುಚ್ಚು

ಅಬ್ಬಾ, ಕೊನೆಗೂ ನನ್ನ ವಿಷಯ ಬಂತು. ಕಲ್ಲುಗಳ ಬಗ್ಗೆ ನಾನು ಹೇಳುತ್ತೇನೆ.

ವಲ್ಲೆಂಟೂನಾ ಸರೋವರದ ಸುತ್ತಲಿನ ಜಾಗವನ್ನು ಟೇಬಿ ಮತ್ತು ವಲ್ಲೆಂಟೂನಾ ಪುರಸಭೆಗಳು ಸೇರಿ ‘ರೂನ್‌ರಿಕೆಟ್’ ಅಂತ ಹೆಸರಿಟ್ಟು ತೋರಿಸುತ್ತವೆ, ಅಂದರೆ ವೈಕಿಂಗರ ಹಳೇ ಲಿಪಿಯಾದ ರೂನ್‌ನ ಸೀಮೆ. ಬಡಾಯಿಯಲ್ಲ. ಉಪ್ಲಾಂಡ್ ಒಂದರಲ್ಲೇ ಸಾವಿರಕ್ಕೂ ಮಿಕ್ಕಿ ರೂನ್ ಕಲ್ಲುಗಳಿವೆ, ಜಗತ್ತಿನಲ್ಲಿ ಬೇರೆಲ್ಲೂ ಇಷ್ಟು ಒತ್ತಾಗಿಲ್ಲ. ಹೆಚ್ಚಿನವು 11ನೇ ಶತಮಾನದವು. ಅಂದರೆ ಹಳೇ ದೇವರುಗಳನ್ನು ಬಿಟ್ಟು ಕ್ರೈಸ್ತರಾಗುತ್ತಿದ್ದ ಕಾಲ.

ನೀವು ಕಾರಿನಿಂದ ನೋಡಿದ್ದು ಬಹುಶಃ ಆ ಕಾಲದ ಇಲ್ಲಿನ ದೊಡ್ಡ ಒಕ್ಕಲಿಗ ಯಾರ್ಲಬಾಂಕೆಯ ‘ಬ್ರೂ’. ಈಗಿನ ಸ್ವೀಡಿಷಿನಲ್ಲಿ ಸೇತುವೆ ಅನ್ನುತ್ತಾರೆ, ಆದರೆ ಅಲ್ಲಿ ಹೋಗಿ ಸೇತುವೆ ಹುಡುಕಬೇಡಿ. ಜೌಗಿನ ಮೇಲೆ ಕಲ್ಲು ಮಣ್ಣು ತುಂಬಿ ಏರಿಸಿದ ದಾರಿ ಅದು, ನೂರು ಮೀಟರಿಗೂ ಉದ್ದ, ಎರಡೂ ಬದಿ ಸಾಲಾಗಿ ನೆಟ್ಟ ಗುಂಡುಕಲ್ಲು. ಎರಡು ತುದಿಯಲ್ಲೂ ಎರಡೆರಡು ರೂನ್ ಕಲ್ಲು ನಿಲ್ಲಿಸಿದ್ದ. ಎರಡು ಈಗಲೂ ಅಲ್ಲೇ ಇವೆ (ಉಪ್ಲಾಂಡಿನ ರೂನ್ ಕಲ್ಲುಗಳ ಪಟ್ಟಿಯಲ್ಲಿ ಯು 164, ಯು 165), ಇನ್ನೊಂದು ಡಾಂಡೆರಿಡ್ ಚರ್ಚಿನ ಹತ್ತಿರ ಸೇರಿದೆ. ಬರಹದ ಸಾರ ಹೀಗೆ: ಯಾರ್ಲಬಾಂಕೆ ತಾನು ಬದುಕಿರುವಾಗಲೇ ತನ್ನ ನೆನಪಿಗೆ ಈ ಕಲ್ಲುಗಳನ್ನು ನಿಲ್ಲಿಸಿದ, ತನ್ನ ಆತ್ಮಕ್ಕಾಗಿ ಈ ದಾರಿ ಮಾಡಿಸಿದ, ಇಡೀ ಟೇಬಿಗೆ ಅವನೊಬ್ಬನೇ ಒಡೆಯನಾಗಿದ್ದ, ದೇವರು ಅವನ ಆತ್ಮವನ್ನು ಕಾಯಲಿ.

ಗಮನಿಸಿ, ತನ್ನ ತಿಥಿಯನ್ನು ತಾನೇ ಮಾಡಿಕೊಂಡವನು! ಸಾಮಾನ್ಯವಾಗಿ ಈ ಕಲ್ಲುಗಳನ್ನು ಮಕ್ಕಳು ಅಪ್ಪನಿಗೆ, ಹೆಂಡತಿ ಗಂಡನಿಗೆ ನಿಲ್ಲಿಸುವುದು. ಈ ಮಹಾಶಯ ಯಾರನ್ನೂ ನೆಚ್ಚಿಕೊಳ್ಳಲಿಲ್ಲ. ನಾಲ್ಕು ಕಲ್ಲಿನಲ್ಲೂ ಹೆಚ್ಚುಕಡಿಮೆ ಅದೇ ಮಾತು. ದಾರಿಯ ಯಾವ ಕಡೆಯಿಂದ ಬಂದರೂ ಅವನ ಹೆಸರು ಓದದೆ ದಾಟುವ ಹಾಗಿಲ್ಲ.

ಆ ದಾರಿ ಯಾಕೆ ಅಲ್ಲೇ ಬೇಕಿತ್ತು ಅನ್ನುವುದಕ್ಕೆ ‘ಕಲ್ಲುಮಣ್ಣು’ ಅವರ ಮೊದಲ ಪೋಸ್ಟೇ ಉತ್ತರ. ಕಡಲು ಹಿಂದೆ ಸರಿದು ದೋಣಿ ಹೋಗದಷ್ಟು ನೀರು ತಗ್ಗಿದೆ, ಕಾಲಿಡುವಷ್ಟು ನೆಲ ಗಟ್ಟಿಯಾಗಿಲ್ಲ. ಒಂದು ಕಾಲದಲ್ಲಿ ದೋಣಿಯಲ್ಲಿ ಹೋಗುತ್ತಿದ್ದವರಿಗೆ ಈಗ ಒಣ ದಾರಿ ಬೇಕು. ಅದನ್ನು ಮಾಡಿಕೊಟ್ಟವನು ದೊಡ್ಡಮನುಷ್ಯ. 11ನೇ ಶತಮಾನದ ಉಪ್ಲಾಂಡಿನಲ್ಲಿ “ದಾರಿ ಮಾಡಿಸಿದ” ಅನ್ನುವ ಕಲ್ಲುಗಳು ಅಲ್ಲಲ್ಲಿ ಸಿಗುವುದು ಸುಮ್ಮನೆ ಅಲ್ಲ.

ಲೆಕ್ಕ ಕೇಳುವವನು

“ಇಡೀ ಟೇಬಿಗೆ ಒಡೆಯ” ಅನ್ನುವುದನ್ನು ಅಷ್ಟು ಸಲೀಸಾಗಿ ನಂಬಬೇಡಿ ಸರ್. ಇಂದಿನ ಟೇಬಿ ಎಪ್ಪತ್ತು ಸಾವಿರ ಜನ ದಾಟಿದ ಪುರಸಭೆ. ಅವನ ಟೇಬಿ ಅಂದರೆ ಚರ್ಚಿನ ಆಸುಪಾಸಿನ ಒಂದು ಹಳ್ಳಿ, ಅದರ ಹೊಲ, ಕಾಡು. ಅದನ್ನು ಒಬ್ಬನೇ ಹೊಂದಿದ್ದ ಅಂದರೆ ಒಪ್ಪೋಣ.

ಆದರೆ ವಲ್ಲೆಂಟೂನಾ ಚರ್ಚಿನ ಹತ್ತಿರ ಅವನದೇ ಇನ್ನೊಂದು ಕಲ್ಲಿದೆ, ಯು 212. ಎರಡೂ ಮುಖಕ್ಕೆ ಕೆತ್ತಿದ್ದಾನೆ. ಒಂದು ಮುಖದಲ್ಲಿ ಟೇಬಿಯ ಮಾತು. ಇನ್ನೊಂದರಲ್ಲಿ, ಈ ನ್ಯಾಯಸಭೆಯ ಜಾಗವನ್ನು ಮಾಡಿಸಿದವನು ತಾನು, ಈ ಇಡೀ ‘ಹುಂಡಾರಿ’ಗೆ ಒಬ್ಬನೇ ಒಡೆಯ ಅಂತ. ಹುಂಡಾರಿ ಅಂದರೆ ಹಲವು ಹಳ್ಳಿ ಸೇರಿದ ಆಡಳಿತದ ಸೀಮೆ, ಹೋಬಳಿ ಅನ್ನಿ. ಅಷ್ಟನ್ನೂ ಒಬ್ಬ ಸ್ವಂತ ಆಸ್ತಿಯಾಗಿ ಇಟ್ಟುಕೊಂಡಿದ್ದ ಅನ್ನುವುದು ಹೇಗೆ? ಅದೇ ಸೀಮೆಯಲ್ಲಿ ಬೇರೆ ಮನೆತನಗಳೂ ಕಲ್ಲು ನಿಲ್ಲಿಸಿವೆ. ಉತ್ತರದ ಸ್ನೊಟ್ಸ್ಟಾದಲ್ಲಿ ರಾಂಗ್‌ಫಾಸ್ಟ್ ಅನ್ನುವವನು ಅಪ್ಪನ ನಂತರ ಈ ಒಕ್ಕಲಿಗೆ ಒಬ್ಬನೇ ಒಡೆಯನಾಗಿದ್ದ ಅಂತ ಅವನ ಹೆಂಡತಿ ಇಂಗಾ ಬರೆಸಿದ್ದಾಳೆ. ಹಾಗಾಗಿ ಹುಂಡಾರಿಯ ವಿಷಯದಲ್ಲಿ ‘ಒಡೆತನ’ ಅಂದರೆ ಯಜಮಾನಿಕೆ, ಅಧಿಕಾರ ಅಂತ ಓದುವ ವಿದ್ವಾಂಸರಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಇನ್ನೂ ಒಂದು. ಸರೋವರದ ಪೂರ್ವಕ್ಕೆ ಬೆಲ್‌ಸ್ಟಾದಲ್ಲಿ ಅವನಿಗಿಂತ ಹಳೆಯ ನ್ಯಾಯಸಭೆಯ ಜಾಗವೊಂದಿದೆ, ಆರ್ಕಿಲ್‌ನ ಸಭೆ. ಕಲ್ಲುಗಳಿಂದ ಚೌಕ ಕಟ್ಟಿದ್ದಾರೆ, ಎರಡು ರೂನ್ ಕಲ್ಲಿವೆ. ಉಲ್ಫ್‌ನ ಮಕ್ಕಳು ಅಪ್ಪನಿಗೆ ನಿಲ್ಲಿಸಿದ್ದಕ್ಕಿಂತ ದೊಡ್ಡ ಗುರುತು ಇನ್ನೆಲ್ಲೂ ಇರದು ಅನ್ನುವ ಅರ್ಥದ ಮಾತು ಅದರಲ್ಲಿದೆ. ಒಂದೆರಡು ತಲೆಮಾರಿನಲ್ಲಿ ಯಾರ್ಲಬಾಂಕೆ ತನ್ನದೇ ಸಭೆಯ ಜಾಗ ಮಾಡಿದ. ನಡುವೆ ಏನಾಯಿತು ಅಂತ ಯಾವ ಕಲ್ಲೂ ಹೇಳುವುದಿಲ್ಲ, ಆದರೆ ಹಳೇ ಮನೆತನದ ಕೈಯಿಂದ ಹೊಸ ಮನೆತನಕ್ಕೆ ಏನೋ ಜಾರಿದೆ. ಇಷ್ಟು ಸಲ “ನಾನೊಬ್ಬನೇ, ನಾನೊಬ್ಬನೇ” ಅನ್ನುವವನ ಎದುರು ಅಲ್ಲ ಅನ್ನುವವರೂ ಇದ್ದಿರಬೇಕು.

ಪದ್ಮಕ್ಕ

ಎಲ್ಲರೂ ಯಾರ್ಲಬಾಂಕೆಯ ಜಂಬಕ್ಕೆ ಮರುಳಾದಿರಿ. ಅವನ ಅಜ್ಜಿಯ ವಿಷಯ ಯಾರೂ ಎತ್ತಲಿಲ್ಲವಲ್ಲ!

ಅಜ್ಜಿಯ ಹೆಸರು ಎಸ್ಟ್ರಿಡ್. ಅವಳ ಕಲ್ಲುಗಳು ಬ್ರೂಬಿ ಬ್ರೂ ಅನ್ನುವ ಜಾಗದಲ್ಲಿವೆ, ಅದೂ ಟೇಬಿ ಪುರಸಭೆಯ ಒಳಗೇ. ಅಲ್ಲಿ ಮೂರು ಕಲ್ಲು, ಯು 135, 136, 137. ಒಂದನ್ನು ಎಸ್ಟ್ರಿಡ್ ಮತ್ತು ಗಂಡ ಓಸ್ಟೆನ್ ಸೇರಿ ತೀರಿಕೊಂಡ ಮಗ ಗಾಗ್‌ನ ನೆನಪಿಗೆ ನಿಲ್ಲಿಸಿದ್ದು. ಇನ್ನೊಂದನ್ನು ಎಸ್ಟ್ರಿಡ್ ಒಬ್ಬಳೇ ಗಂಡನ ನೆನಪಿಗೆ. ಅದರಲ್ಲಿ ಇರುವುದು ಇಷ್ಟೇ: ಅವನು ಜೆರುಸಲೇಮಿಗೆ ಹೊರಟ, ಗ್ರೀಕರ ನಾಡಿನಲ್ಲಿ ತೀರಿಕೊಂಡ. ಗ್ರೀಕರ ನಾಡು ಅಂದರೆ ಬೈಜಾಂಟಿಯಮ್ ಸಾಮ್ರಾಜ್ಯ. ಮೂರನೆಯದನ್ನು ಇಂಗೆಫಾಸ್ಟ್, ಓಸ್ಟೆನ್, ಸ್ವೆನ್ ಎಂಬ ಗಂಡುಮಕ್ಕಳು ಅಪ್ಪನ ನೆನಪಿಗೆ ನಿಲ್ಲಿಸಿದರು, ದಾರಿಯನ್ನೂ ದಿಬ್ಬವನ್ನೂ ಮಾಡಿಸಿದರು.

ದಿಬ್ಬ ಹಳೇ ಧರ್ಮದ ರೂಢಿ, ದಾರಿ ಮಾಡಿಸುವುದು ಹೊಸ ಧರ್ಮದ ಪುಣ್ಯ. ಆ ಮಕ್ಕಳು ಎರಡನ್ನೂ ಮಾಡಿದರು. ಅಪ್ಪನ ದೇಹ ಊರಿಗೆ ಬಂದದ್ದಲ್ಲ, ಆದರೂ ದಿಬ್ಬ ಬೇಕಾಯಿತು. ಮಗನನ್ನೂ ಗಂಡನನ್ನೂ ಕಳೆದುಕೊಂಡ ಹೆಂಗಸು ಮನೆ ನಡೆಸಿದಳು, ಉಳಿದ ಮಕ್ಕಳನ್ನು ಬೆಳೆಸಿದಳು. ಅವರಲ್ಲಿ ಇಂಗೆಫಾಸ್ಟ್‌ನ ಮಗನೇ ನಮ್ಮ “ನಾನೊಬ್ಬನೇ” ಯಾರ್ಲಬಾಂಕೆ.

1995ರಲ್ಲಿ ಬ್ರೂಬಿ ಬ್ರೂ ಹತ್ತಿರ ಪುರಾತತ್ವದವರು ಅಗೆದಾಗ ಒಬ್ಬ ಮುದುಕಿಯ ಅಸ್ಥಿ ಸಿಕ್ಕಿತು. ಸುಡದೆ ಹೂತದ್ದು, ಅಂದರೆ ಕ್ರೈಸ್ತ ಪದ್ಧತಿ. ಕಾಲ, ಜಾಗ, ವಯಸ್ಸು ಎಲ್ಲ ಹೊಂದುವುದರಿಂದ ಅದು ಎಸ್ಟ್ರಿಡ್‌ಳದೇ ಇರಬೇಕು ಅಂತ ತುಂಬ ಜನ ನಂಬುತ್ತಾರೆ. ಹೆಸರು ಬರೆದ ಚೀಟಿಯೇನೂ ಇರಲಿಲ್ಲ, ಆದರೆ ನಂಬುವುದಕ್ಕೆ ಕಾರಣ ಸಾಕಷ್ಟಿದೆ. ಸಾವಿರ ವರ್ಷದ ಹಿಂದಿನ ಸ್ವೀಡನ್ನಿನಲ್ಲಿ ರಾಜರಲ್ಲದ ಒಂದು ಮನೆತನದ ನಾಲ್ಕು ತಲೆಮಾರಿನವರ ಹೆಸರು, ಮದುವೆ, ಸಾವು ಹೀಗೆ ಜೋಡಿಸಿ ಹೇಳಲು ಬರುವುದು ತೀರಾ ಅಪರೂಪ. ಹೆಂಗಸರ ಹೆಸರು ಇಷ್ಟು ಸಲ ಬರುವುದಕ್ಕೂ ಕಾರಣವಿದೆ. ಈ ಕಲ್ಲುಗಳಿಗೆ ನೆನಪಿನ ಜೊತೆ ಆಸ್ತಿಯ ಕೆಲಸವೂ ಇತ್ತು ಅನ್ನುತ್ತಾರೆ. ಯಾರು ಯಾರಿಗೆ ವಾರಸು ಅಂತ ಊರಿಗೆ ಕಾಣುವ ಹಾಗೆ ದಾರಿ ಬದಿ ನೆಟ್ಟರು. ‘ಲೆಕ್ಕ ಕೇಳುವವನು’ ಹೇಳಿದ ಇಂಗಾಳ ಆಸ್ತಿ ಮಗ ಸತ್ತ ಮೇಲೆ ಅವಳಿಗೆ, ಅವಳು ಸತ್ತ ಮೇಲೆ ಅವಳ ತಾಯಿ ಯೆರ್‌ಲೋಗ್‌ಗೆ ಬಂದ ಕಥೆಯನ್ನೆಲ್ಲ ಮೆಲಾರೆನ್ ದ್ವೀಪದ ಹಿಲ್ಲೆರ್‌ಶೋ ಬಂಡೆಯ ಮೇಲೆ ಕೆತ್ತಿದ್ದಾರೆ. ವಕೀಲರ ಕಡತಕ್ಕೆ ಸಮ.

ಕುಡ್ಲದ ಮಾಣಿ

ಓದುತ್ತಾ ಓದುತ್ತಾ ನಮ್ಮ ವೀರಗಲ್ಲು, ಮಾಸ್ತಿಗಲ್ಲು, ಕೆರೆ ಕಟ್ಟಿಸಿದ ಶಾಸನಗಳೇ ಕಣ್ಣ ಮುಂದೆ ಬಂತು ಮಾರಾಯ್ರೆ. ಕೆರೆ ಕಟ್ಟಿಸಿದರೆ ಪುಣ್ಯ ಅಂತ ನಾವು, ಜೌಗಿಗೆ ದಾರಿ ಹಾಕಿದರೆ ಪುಣ್ಯ ಅಂತ ಇವರು. ಎರಡೂ ಒಂದೇ ಅಲ್ವಾ?

ಶಾಸನದ ಹುಚ್ಚು

ಪುಣ್ಯದ ಮಟ್ಟಿಗೆ ಹೌದು ಮಾಣಿ. ಆದರೆ ಒಂದೇ ಅನ್ನುವ ಮೊದಲು ವ್ಯತ್ಯಾಸ ನೋಡು, ಅದರಲ್ಲೇ ಈ ನೆಲದ ಕಥೆ ಇದೆ. ನಮ್ಮ ಶಾಸನ ತೆಗೆದರೆ ಮೊದಲು ರಾಜ, ಅವನ ಬಿರುದು, ಶಕ ವರ್ಷ, ತಿಥಿ, ವಾರ, ಆಮೇಲೆ ಸಾಮಂತ, ಆಮೇಲೆ ದಾನ, ಕೊನೆಗೆ ಇದನ್ನು ಅಳಿದವನಿಗೆ ಕವಿಲೆ ಕೊಂದ ಪಾಪ. ಟೇಬಿಯ ಕಲ್ಲುಗಳಲ್ಲಿ ರಾಜನೇ ಇಲ್ಲ! ವರ್ಷವೂ ಇಲ್ಲ. ಹಾವಿನ ತಲೆ ಹೇಗೆ ತಿರುಗಿದೆ, ಸುರುಳಿ ಎಷ್ಟು ಬಿಗಿ ಅನ್ನುವ ಶೈಲಿ ನೋಡಿಯೇ ಕಾಲ ಹೇಳಬೇಕು. ಹಾಗೆ ನೋಡಿದರೆ ಎಸ್ಟ್ರಿಡ್‌ಳ ಕಲ್ಲುಗಳು 11ನೇ ಶತಮಾನದ ಮೊದಲರ್ಧಕ್ಕೆ, ಮೊಮ್ಮಗನವು ಎರಡನೇ ಅರ್ಧಕ್ಕೆ ಬೀಳುತ್ತವೆ.

ರಾಜ ಇರಲಿಲ್ಲ ಅಂತಲ್ಲ, ಆದರೆ ಇಲ್ಲಿನ ದೊಡ್ಡ ಒಕ್ಕಲಿಗೆ ಅವನ ಹೆಸರು ಹೇಳಿಕೊಳ್ಳುವ ಗರಜು ಬಿದ್ದಿಲ್ಲ. ನೆಲ ತನ್ನದು, ದಾರಿ ತನ್ನದು, ಸಭೆ ತನ್ನದು. ಪಕ್ಕದ ಉಪ್ಲಾಂಡ್ಸ್ ವೇಸ್ಬಿಯ ಎಡ್ ಎಂಬಲ್ಲಿ ದೊಡ್ಡ ಗುಂಡಿನ ಮೇಲೆ ರಾಗ್ನ್‌ವಾಲ್ಡ್ ಅನ್ನುವವನು ತಾನು ಗ್ರೀಕರ ನಾಡಿನಲ್ಲಿ ಪಡೆಯ ನಾಯಕನಾಗಿದ್ದೆ ಅಂತ ಬರೆಸಿದ್ದಾನೆ. ಚಾಕರಿ ಮಾಡಿದ್ದು ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಗೆ ಇರಬೇಕು, ಜಂಬ ಕೊಚ್ಚಿಕೊಂಡದ್ದು ಊರಿನ ಚರ್ಚಿನ ದಾರಿಯಲ್ಲಿ. ರಾಜನ ಕೈ ಈ ಸೀಮೆಗೆ ಗಟ್ಟಿಯಾಗಿ ತಲುಪಿದ್ದು ಆಮೇಲೆ. 1296ರಲ್ಲಿ ಉಪ್ಲಾಂಡಿನ ಕಾನೂನನ್ನು ಬರಹಕ್ಕೆ ಇಳಿಸಿ ರಾಜಮುದ್ರೆ ಹಾಕಿದರು. ಟೇಬಿಯ ಕಲ್ಲಿನ ಚರ್ಚು ಎದ್ದದ್ದೂ ಅದೇ 13ನೇ ಶತಮಾನದ ಕೊನೆಗೆ. ಅಲ್ಲಿಂದ ಮುಂದೆ ಯಾರ್ಲಬಾಂಕೆಯ ಥರದವರು ಕಾಣುವುದಿಲ್ಲ. ಇಗರ್ಜಿ, ಅದರ ಸುತ್ತಲಿನ ಒಕ್ಕಲು, ತೆರಿಗೆ ಅಷ್ಟೇ.

ಇನ್ನೊಂದು ತಮಾಷೆ. ಟೇಬಿ ಮುಂದೆ ಸೇರಿದ್ದು ‘ಡಾಂಡೆರಿಡ್ ಹಡಗು ಸೀಮೆ’ಗೆ. ಕರಾವಳಿಯವರು ಯುದ್ಧಕ್ಕೆ ಹಡಗು, ಆಳು ಒದಗಿಸಬೇಕಾದ ಕಾಲದ ಹೆಸರು ಅದು. ಚರ್ಚಿನ ಬಾಗಿಲಲ್ಲಿ ನಿಂತರೆ ಈಗ ಕಡಲಿನ ಸುಳಿವೇ ಸಿಗದು.

ಲೆಕ್ಕ ಕೇಳುವವನು

ಚರ್ಚಿನ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. 1480ರ ದಶಕದಲ್ಲಿ ಆಲ್ಬರ್ಟುಸ್ ಪಿಕ್ಟೋರ್ ಅದರ ಒಳಗಿನ ಕಮಾನುಗಳಿಗೆಲ್ಲ ಚಿತ್ರ ಬರೆದ. ಅದರಲ್ಲಿ ಮನುಷ್ಯನ ಜೊತೆ ಸಾವು ಚದುರಂಗ ಆಡುವ ಚಿತ್ರವಿದೆ. ಸ್ವೀಡಿಷ್ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ 1957ರ ತನ್ನ ‘ದಿ ಸೆವೆಂತ್ ಸೀಲ್’ ಸಿನಿಮಾಕ್ಕೆ ಆ ಆಟವನ್ನು ಎತ್ತಿಕೊಂಡದ್ದು ಇಲ್ಲಿಂದಲೇ. ಸಿನಿಮಾ ಹುಚ್ಚು ಇದ್ದವರು ತಲೆ ಎತ್ತಿ ಹುಡುಕಿ.

ಪುಟ್ಟ ರೈಲು

ನೀವೆಲ್ಲ ಸಾವಿರ ವರ್ಷದ ಹಿಂದೆ ಕೂತುಬಿಟ್ಟಿರಿ. ಮೇಡಂ ಕೇಳಿದ್ದು ಮಾಲ್ ಇಲ್ಲಿ ಯಾಕೆ ಅಂತ. ನಾನು ಮುಂದಿನದನ್ನು ಹೇಳುತ್ತೇನೆ.

ನೂರಾರು ವರ್ಷ ಟೇಬಿಯಲ್ಲಿ ‘ಊರು’ ಅನ್ನುವಂಥದ್ದು ಇರಲೇ ಇಲ್ಲ. ಅಲ್ಲೊಂದು ಇಲ್ಲೊಂದು ಒಕ್ಕಲು, ಕೆಲವು ಜಮೀನ್ದಾರಿ ಬಂಗಲೆ. ಕೊಲ್ಲಿಯ ದಡದ ನೇಸ್ಬಿ ಸ್ಲೊಟ್ ಅಂಥದ್ದು. 1660ರ ದಶಕದಲ್ಲಿ ವಾಸ್ತುಶಿಲ್ಪಿ ಹಿರಿಯ ಟೆಸ್ಸಿನ್ ನಕ್ಷೆ ಹಾಕಿದ ಅರಮನೆ. 1897ರಲ್ಲಿ ಸುಟ್ಟುಹೋಗಿ, 20ನೇ ಶತಮಾನದ ಶುರುವಿಗೆ ಕಾರ್ಲ್ ರಾಬರ್ಟ್ ಲಾಮ್ ಎಂಬ ಉದ್ಯಮಿ ಮತ್ತೆ ಎಬ್ಬಿಸಿದ. ಹಳ್ಳಿಗಳಲ್ಲಿ ಇದ್ದ ಗುಂಪು ಮನೆಗಳನ್ನೂ 1827ರ ಭೂಸುಧಾರಣೆ ಚದುರಿಸಿತು. ತುಂಡು ತುಂಡು ಹೊಲಗಳನ್ನು ಒಟ್ಟು ಮಾಡಿ ಪ್ರತಿ ಒಕ್ಕಲಿಗೂ ಒಂದೇ ಕಡೆ ಜಮೀನು ಕೊಟ್ಟು, ಮನೆ ಕಿತ್ತು ಅಲ್ಲಿಗೆ ಹೋಗಿ ಅನ್ನುವ ಕಾನೂನು. ಸ್ವೀಡನ್ನಿನ ಬಹುಪಾಲು ಹಳ್ಳಿಗಾಡು ಇವತ್ತು ಹೀಗೆ ಚೆಲ್ಲಾಪಿಲ್ಲಿ ಕಾಣುವುದಕ್ಕೆ ಅದೇ ಕಾರಣ. ಚರ್ಚಿನ ಸುತ್ತ ಪೇಟೆ ಬೆಳೆಯದೆ ಹೋದದ್ದರಲ್ಲಿ ಇದರ ಪಾಲೂ ಇದೆ.

ಊರು ಬಂದದ್ದು ರೈಲಿನ ಹಿಂದೆ. 1885ರಲ್ಲಿ ಸ್ಟಾಕ್‌ಹೋಮ್ ಪೂರ್ವ ನಿಲ್ದಾಣದಿಂದ ರಿಂಬೋಗೆ ಸಣ್ಣ ಹಳಿಯ ರೈಲು ಶುರುವಾಯಿತು. ಹಳಿಗಳ ನಡುವೆ 891 ಮಿಲಿಮೀಟರ್, ಅಂದರೆ ಸರಿಯಾಗಿ ಮೂರು ಹಳೇ ಸ್ವೀಡಿಷ್ ಅಡಿ. ಈಗ ನೀವು ಹತ್ತುವ ರೂಸ್ಲಾಗ್ಸ್‌ಬಾನನ್ ಅದೇ, ಹಳಿಯ ಅಗಲ ಬದಲಾಗಿಲ್ಲ. ಆ ಮೊದಲ ಲೈನು ಚರ್ಚಿನ ಕಡೆಗೇ ಹೋಯಿತು. 1901ರ ಹೊತ್ತಿಗೆ ರೋಸ್ಲಾಗ್ಸ್ ನೇಸ್ಬಿಯಿಂದ ಈಶಾನ್ಯಕ್ಕೆ, ವಿಗ್‌ಬಿಹೋಲ್ಮ್, ಓಕೆರ್ಸ್‌ಬೆರ್ಯಾ ಕಡೆಗೆ ಕವಲು ಒಡೆಯಿತು. ಅಲ್ಲಿಗೆ ಆಟ ಬದಲಾಯಿತು. ಕವಲೊಡೆಯುವ ಜಾಗವೇ ಮುಖ್ಯ ಆಯಿತು, ದೂರದ ಚರ್ಚು ಪಕ್ಕಕ್ಕೆ ಸರಿಯಿತು. ನಿಲ್ದಾಣದ ಸುತ್ತ ಸೈಟು ಮಾಡಿ ಮಾರಿದರು, ತೋಟದ ನಡುವೆ ಮರದ ಮನೆಗಳು ಬಂದವು. ಪಕ್ಕದ ಡಾಂಡೆರಿಡ್‌ನ ಯೂರ್ಶೋಲ್ಮ್ ಆಗಲೇ ಸಿರಿವಂತರ ಬಡಾವಣೆಯಾಗಿತ್ತು, ಅಲ್ಲಿ ಕೈಗೆಟುಕದವರು ಮುಂದಿನ ಸ್ಟಾಪು ನೋಡಿದರು ಅಂತ ನನ್ನ ಅಂದಾಜು.

ನಿಲ್ದಾಣದ ಹೆಸರುಗಳನ್ನು ಗಮನಿಸಿ: ತಿಬ್‌ಬ್ಲೆ, ಎನ್‌ಸ್ಟಾ, ವಿಸಿಂಗೆ. ಎಲ್ಲವೂ ಹಳೇ ಒಕ್ಕಲುಮನೆಗಳ ಹೆಸರು. ಹೊಲ ಹೋಯಿತು, ಬೋರ್ಡು ಉಳಿಯಿತು.

ಎರಡನೇ ಮಹಾಯುದ್ಧದ ನಂತರ ಸ್ಟಾಕ್‌ಹೋಮಿನಲ್ಲಿ ಮನೆಗಳ ಅಭಾವ ಜೋರಾಯಿತು. 1948ರಲ್ಲಿ ಟೇಬಿಗೆ ಪಟ್ಟಣದ ಪಟ್ಟ ಸಿಕ್ಕಿತು. ಕಟ್ಟಲು ವಿಶಾಲವಾದ ಸಪಾಟು ಜಾಗ ಬೇಕು, ರೈಲು ಹತ್ತಿರ ಇರಬೇಕು, ರಾಜಧಾನಿಗೆ ಸಲೀಸಾಗಿ ಹೋಗಬೇಕು. ಆ ಮೂರೂ ಕೂಡಿದ್ದು ಚರ್ಚಿನ ಹತ್ತಿರ ಅಲ್ಲ, ಇಲ್ಲಿ. 1960ರ ದಶಕದಲ್ಲಿ ನೇಸ್ಬಿದಾಲ್‌ನ ಗೋಪುರಗಳು, ಗ್ರಿಂಡ್‌ಟೊರ್ಪ್ ಮತ್ತು ಸ್ಟೂರ್‌ಸ್ಟೂಗನ್‌ನ ಕಮಾನಿನಂತೆ ಬಾಗಿದ ಬೃಹತ್ ಕಟ್ಟಡಗಳು ಎದ್ದವು. 1968ರಲ್ಲಿ ಮಾಲ್ ತೆರೆಯಿತು. ಅದರ ಪಕ್ಕದ ಕುದುರೆ ರೇಸಿನ ಮೈದಾನ 1960ರಿಂದ 2016ರವರೆಗೆ ಓಡಿತು. ಈಗ ಅದೇ ಜಾಗದಲ್ಲಿ ಟೇಬಿ ಪಾರ್ಕ್ ಬಡಾವಣೆ, ಆದರೂ ಸ್ಟೇಷನ್ನಿನ ಹೆಸರು ಇನ್ನೂ ‘ಗಾಲಪ್‌ಫೆಲ್ಟೆಟ್’, ರೇಸ್ ಮೈದಾನ!

ಹೊಸನಗರದವಳು

ಇಷ್ಟೆಲ್ಲ ಬರೆದಿರಿ, ತುಂಬಾ ಥ್ಯಾಂಕ್ಸ್. ಗ್ರಿಂಡ್‌ಟೊರ್ಪ್‌ನ ಆ ಬಾಗಿದ ಕಟ್ಟಡವನ್ನು ದಿನಾ ನೋಡುತ್ತೇನೆ, ಕೋಟೆ ಗೋಡೆ ಅನ್ನಿಸುತ್ತದೆ. ಒಂದೇ ಒಂದು ಕೊಸರು ಪ್ರಶ್ನೆ. ಇಷ್ಟು ಸಪಾಟಾದ ಜಾಗ ಇಲ್ಲಿ ಇದ್ದಾಗ ಹಳಬರು ಯಾಕೆ ಬಿಟ್ಟರು? ಅವರಿಗೂ ಸಪಾಟು ಹೊಲ ಬೇಕಿತ್ತಲ್ಲ?

ಕಲ್ಲುಮಣ್ಣು

ಪೂರ್ತಿ ಬಿಟ್ಟಿರಲಿಲ್ಲ, ಅಂಚಿನಲ್ಲಿ ಒಕ್ಕಲು ಇದ್ದೇ ಇತ್ತು. ‘ಪುಟ್ಟ ರೈಲು’ ಹೇಳಿದ ತಿಬ್‌ಬ್ಲೆ ಅಂಥದ್ದೇ. ಆದರೆ ಸಪಾಟು ಅಂದರೆ ಈ ನಾಡಿನಲ್ಲಿ ಜೇಡಿ, ಜೇಡಿ ಅಂದರೆ ನೀರು ನಿಲ್ಲುವ ಜಾಗ. ಕಬ್ಬಿಣ ಯುಗದವನ ಮರದ ನೇಗಿಲಿಗೆ ಅದು ಬಗ್ಗುವುದಲ್ಲ. ಉಪ್ಲಾಂಡಿನ ಕಣಿವೆ ತಳಗಳೆಲ್ಲ ದೊಡ್ಡ ಮಟ್ಟದಲ್ಲಿ ಹೊಲವಾದದ್ದು 19ನೇ ಶತಮಾನದಲ್ಲಿ ಕಾಲುವೆ ತೋಡಿ ನೀರು ಬಸಿದ ಮೇಲೆ, ಕಬ್ಬಿಣದ ನೇಗಿಲು ಬಂದ ಮೇಲೆ. ಅಲ್ಲಿಯವರೆಗೆ ಹುಲ್ಲು ಕೊಯ್ಯುವ ಜಾಗ.

ಆಮೇಲೆ ನೂರು ವರ್ಷ ಗೋಧಿ, ಓಟ್ಸ್ ಬೆಳೆದರು. ಅಷ್ಟರಲ್ಲಿ ಕಾಂಕ್ರೀಟಿನವರು ಬಂದರು. ಜೇಡಿಯ ಕೆಳಗಿನ ಗಟ್ಟಿ ನೆಲದವರೆಗೆ ಕಂಬ ಹೊಡೆದು ಅದರ ಮೇಲೆ ಮನೆ ನಿಲ್ಲಿಸುವುದು ಅವರಿಗೆ ಗೊತ್ತಿತ್ತು. ಎಸ್ಟ್ರಿಡ್‌ಳ ಕಾಲದವರು ದನಕ್ಕೆ ಹುಲ್ಲು ಕೊಯ್ಯುತ್ತಿದ್ದಂಥ ತಗ್ಗುಗಳೇ ಈಗ ಸ್ಟಾಕ್‌ಹೋಮ್ ಉಪನಗರಗಳ ದುಬಾರಿ ಸೈಟುಗಳು. ಅವರಿಗೆ ಬೇಕಾಗಿದ್ದ ಒಣ ಇಳಿಜಾರುಗಳಲ್ಲಿ ಈಗ ಸಮಾಧಿ ದಿಬ್ಬ, ಓಕ್ ಮರ, ನಾಯಿ ತಿರುಗಿಸುವವರು.

ಅಂದ ಹಾಗೆ ಹಳೇ ನೆಲೆಗಳು ಇವತ್ತಿಗೂ ಉಳಿದಿರುವುದಕ್ಕೆ ಕಾನೂನೂ ಕಾರಣ. ಇಲ್ಲಿ ಪ್ರಾಚೀನ ಅವಶೇಷ ಅಂದ ಕೂಡಲೇ ತಾನಾಗಿಯೇ ರಕ್ಷಣೆ. ಜಮೀನು ಯಾರದೇ ಇರಲಿ, ಅನುಮತಿಯಿಲ್ಲದೆ ಅಗೆಯುವ ಹಾಗಿಲ್ಲ, ಲೋಹಶೋಧಕ ಹಿಡಿದು ಹೋಗುವ ಹಾಗಿಲ್ಲ. ಮಗನಿಗೆ ಹುಟ್ಟುಹಬ್ಬಕ್ಕೆ ಅದನ್ನು ಕೊಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಪೇಢಾ ಪ್ರೇಮಿ

ಒಂದ್ ದಿನ ಎಲ್ಲಾರೂ ಕೂಡಿ ಹೋಗೂಣಲ್ರಿ ಹಂಗಾರ. ಪದ್ಮಕ್ಕಾರ, ನೀವು ಹಾದಿ ಹೇಳ್ರಿ. ಬುತ್ತಿ ನಂದು.

ಪದ್ಮಕ್ಕ

ಬುತ್ತಿ ನಿನ್ನದಾದರೆ ನಾನು ಬಂದೆ ಅಂತ ತಿಳಿ. ರೊಟ್ಟಿಯ ಜೊತೆ ಶೇಂಗಾ ಚಟ್ನಿ ಮರೆಯಬೇಡ.

ಕಾರ್ಸ್ಟಾ ಕಡೆ ಹೋಗುವ ರೈಲು ಹಿಡಿದು ಟೇಬಿ ಶಿರ್ಕ್‌ಬಿಯಲ್ಲಿ ಇಳಿಯುವುದು. ಮೊದಲು ಚರ್ಚು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಚಿತ್ರ ನೋಡಲು ಶನಿವಾರವೇ ವಾಸಿ. ಬಾಗಿಲು ತೆರೆಯುವ ಹೊತ್ತು ಮೊದಲೇ ನೋಡಿಕೊಳ್ಳಿ. ಅಲ್ಲಿಂದ ಯಾರ್ಲಬಾಂಕೆಯ ದಾರಿ, ಆಮೇಲೆ ಬ್ರೂಬಿ ಬ್ರೂ. ಕಾಲಿಗೆ ಬಲವಿದ್ದವರು ಸರೋವರದ ಪಶ್ಚಿಮ ದಂಡೆಯ ಸ್ಕೋಲ್‌ಹಾಮ್ರಾ ರಸ್ತೆ ಹಿಡಿಯಬಹುದು. ರಿಸ್‌ಬಿಲೆಯ ಜೋಡಿ ಕಲ್ಲುಗಳು ಅಲ್ಲೇ ಸಿಗುತ್ತವೆ. ಹಳೇ ಹೊಲ, ಇಳಿಜಾರಿನ ಒಕ್ಕಲು, ಮೇಲೆ ದಿಬ್ಬ, ‘ಕಲ್ಲುಮಣ್ಣು’ ಅವರು ಹೇಳಿದ ಮೂರೂ ಪದರ ಒಂದೇ ನೋಟದಲ್ಲಿ ಕಾಣುತ್ತದೆ. ಪೂರ್ವ ದಂಡೆಯ ಆರ್ಕಿಲ್ ಸಭೆಗೆ ಬೆಲ್‌ಸ್ಟಾ ಸ್ಟೇಷನ್ ಹತ್ತಿರ, ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳೋಣ.

ಕಲ್ಲಿನ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ಕೆಂಪು ಬಣ್ಣ ಓದಲು ಸುಲಭವಾಗಲಿ ಅಂತ ಪುರಾತತ್ವದವರು ಈಗ ತುಂಬಿದ್ದು, ಸೀಮೆಸುಣ್ಣ ಹಚ್ಚುವುದೂ ಬೇಡ.

ಹೊಸನಗರದವಳು

ಅಕ್ಕಾ, ಡಿಸೆಂಬರಿನಲ್ಲಿ ಅತ್ತೆ ಮಾವ ಬರುತ್ತಾರೆ, ಆಗ ಹೋಗಬಹುದಾ?

ಪದ್ಮಕ್ಕ

ಬೇಡ ಕಣೇ. ಮೂರು ಗಂಟೆಗೆ ಮುಂಚೆ ಸೂರ್ಯ ಮುಳುಗುತ್ತಾನೆ, ದಾರಿಯೆಲ್ಲ ಮಂಜುಗಡ್ಡೆ, ಮಾವನವರು ಜಾರಿ ಬಿದ್ದರೆ ಯಾರ್ಲಬಾಂಕೆ ಬಂದು ಎತ್ತುವುದಿಲ್ಲ. ಅವರಿಗೆ ಮಾಲ್ ತೋರಿಸು. ನಾವು ಈ ತಿಂಗಳೇ, ಎಲೆ ಉದುರುವ ಮೊದಲು ಹೋಗಿಬರೋಣ. ಶನಿವಾರ ಹತ್ತು ಗಂಟೆಗೆ ರೋಸ್ಲಾಗ್ಸ್ ನೇಸ್ಬಿ ಪ್ಲಾಟ್‌ಫಾರ್ಮಿನಲ್ಲಿ ಇರಿ.